ಕೂತ ಕುರಿ

ಕುದುರೆಯ ತೊಡೆಗೆ ಬರೆ ಹಾಕಿದ್ದು ಬಿಟ್ಟರೆ
ನಾನು ಏನನ್ನೂ ಬರೆದವನಲ್ಲ.
ಅರವತ್ತೆಂಟನೇ ವಯಸ್ಸಿಗೆ ಕೈಗೆ ಪೆನ್ಸಿಲ್ ಕೊಟ್ಟವಳು ಯಾಸ್ನಾ,
ಪೊರ್ವೆನೀರಿನ ಗ್ರಂಥಾಲಯದಲ್ಲಿ, ಮಂಗಳವಾರ ಸಂಜೆ,
ಒಲೆಗೆ ಹತ್ತಿರದ ಬೆಂಚಿನಲ್ಲಿ.
ಜಲಸಂಧಿಯ ಗಾಳಿ ಹೊರಗೆ ಚಾವಣಿಯ ತಗಡು ಜಗ್ಗುತ್ತಿತ್ತು.
‘ಗೊತ್ತಿರುವ ಪ್ರಾಣಿಯಿಂದ ಶುರು ಮಾಡಿ, ದೋನ್ ಎಲಿಸೆಯೊ’ ಅಂದಳು.

ಗೊತ್ತಿರುವುದು ಕುರಿ.
ನಲವತ್ತೊಂದು ಬೇಸಿಗೆ ಉಣ್ಣೆ ಕತ್ತರಿಸಿದ್ದೇನೆ, ದಿನಕ್ಕೆ ನೂರೈವತ್ತು.
ಲೆಕ್ಕ ನೀವೇ ಹಾಕಿಕೊಳ್ಳಿ,
ನನ್ನ ಸೊಂಟ ಆಗಲೇ ಹಾಕಿಟ್ಟಿದೆ.

ಬರೆದೆ. ಪಕ್ಕದ ಓರ್ಫಾ ನಕ್ಕಳು:
‘ಇದೇನು, ಊಟವಾದ ಮೇಲೆ ಕೂತ ಪಾದ್ರಿಯೆ?’
ಕುರಿ ಕೂತೇ ಇತ್ತು. ಕುಂಡೆಯೂರಿ,
ಹೊಟ್ಟೆ ಮುಂದು ಮಾಡಿ, ನಾಲ್ಕು ಕಾಲೂ ಗಾಳಿಯಲ್ಲಿ,
ತಲೆ ಒಂದು ಕಡೆಗೆ ವಾಲಿ.
ನನ್ನ ಮೊಣಕಾಲ ನಡುವೆ ಅದು ಹಾಗೇ ಕೂರುತ್ತದೆ.
ನಿಂತ ಕುರಿ ನಾನು ಕಂಡದ್ದು
ಬಾಗಿಲಿನಿಂದ ಎಳೆದು ತರುವ ಮೂರು ಹೆಜ್ಜೆ,
ಬೋಳಾಗಿ ಓಡುವ ಎರಡು.

ಯಾಸ್ನಾ ನಗಲಿಲ್ಲ. ಹಿಂಗಾಲು ಎಲ್ಲಿ ಮಡಿಯುತ್ತದೆ, ಕೇಳಿದಳು.
ಕೈ ತೋರಿಸಿತು, ಬಾಯಿಗೆ ಗೊತ್ತಿರಲಿಲ್ಲ.
‘ಮೊದಲು ಒಂದು ಮೊಟ್ಟೆ, ಅದರ ಮುಂದೆ ಸಣ್ಣ ಮೊಟ್ಟೆ...’
ಎಲ್ಲ ಪ್ರಾಣಿಯೂ ಮೊಟ್ಟೆಯಿಂದಲೇ ಎಂದು
ಕಲಿಸುವವರ ನಂಬಿಕೆ.
ನನ್ನ ಮೊಟ್ಟೆಯೊಳಗಿಂದ ಬಾತುಕೋಳಿ ಬಂತು,
ಆಲೂಗಡ್ಡೆ ಬಂತು,
ಒಮ್ಮೆ ನನ್ನ ಭಾವಮೈದುನ ರೆನೇರಿಯೊ.

ಗ್ವಾನಾಕೊ ಮಾತ್ರ ಒಂದೇ ಸಲಕ್ಕೆ ಬಂತು.
ಅದನ್ನು ಮುಟ್ಟಿದವನಲ್ಲ.
ದಿಬ್ಬದಂಚಿನಲ್ಲಿ, ಕತ್ತರಿಸಿ ಆಕಾಶಕ್ಕೆ ಅಂಟಿಸಿದಂತೆ,
ಕತ್ತು ಉದ್ದ ಮಾಡಿ ನಿಂತಿರುತ್ತಿತ್ತು.
ದೂರ ಇದ್ದದ್ದು ಸುಲಭ.

ನಾಯಿ ಬರಲೇ ಇಲ್ಲ.
ಪಿಲ್ಪಿಲ್ ಅಂದರೆ ನನಗೆ ಒಂದು ಸಿಳ್ಳೆ,
ಹುಲ್ಲು ಸೀಳಿ ಎರಡಾಗುವುದು,
ರಾತ್ರಿ ಪಾದದ ಹತ್ತಿರ ಒಂದಿಷ್ಟು ಬಿಸಿ.
ಇವಕ್ಕೆಲ್ಲ ಗೆರೆ ಎಲ್ಲಿಂದ ತರಲಿ?

ಮೇ ತಿಂಗಳಲ್ಲಿ ಇದ್ದಿಲು ಕೊಟ್ಟಳು.
ಹಾಳೆ ಪೂರ್ತಿ ಕಪ್ಪು ಮಾಡಿಸಿ, ಕೈಗೆ ರಬ್ಬರ್ ಇಟ್ಟು,
‘ಈಗ ತೆಗೆಯಿರಿ’ ಅಂದಳು.
ತೆಗೆಯುವುದು!
ಮೊದಲೇ ಹೇಳಬಾರದಿತ್ತೆ, ಮಗಳೆ.
ಹೊಟ್ಟೆಯಿಂದ ಶುರು, ಒಳತೊಡೆ, ಬಾಲದ ಬುಡ,
ಗಂಟಲ ಕೆಳಗೆ ಉಸಿರು ಹಿಡಿದು ಮೇಲಕ್ಕೆ,
ಆಮೇಲೆ ಆ ಉದ್ದನೆಯ ಎಳೆತ,
ಸೊಂಟದಿಂದ ಕಿವಿಯವರೆಗೆ, ಕೈ ಎತ್ತದೆ.
ಕಪ್ಪು ತುಪ್ಪಟದೊಳಗಿಂದ
ಬೆಳ್ಳಗೆ, ಸಣ್ಣದಾಗಿ, ಚಳಿಗೆ ನಡುಗುವ ಹಾಗೆ
ಬಂತು.
ಓರ್ಫಾ ಎದ್ದು ಬಂದು ನೋಡಿದಳು. ಏನೂ ಅನ್ನಲಿಲ್ಲ.
ಒಲೆಗೆ ಇನ್ನೊಂದು ಕೊರಡು ಹಾಕಿದಳು.

‘ಕಣ್ಣು?’ ಅಂದಳು ಯಾಸ್ನಾ.

ಮರೆತದ್ದಲ್ಲ. ಗೊತ್ತಿರಲಿಲ್ಲ.
ಲಕ್ಷಗಟ್ಟಲೆ ತಲೆ ಈ ತೊಡೆಗೆ ಒರಗಿವೆ,
ಪ್ರತಿಯೊಂದೂ ಆ ಕಡೆ ಮುಖ ಮಾಡಿ.
ನಾನು ನೋಡುತ್ತಿದ್ದದ್ದು ಚರ್ಮದ ಮಡಿಕೆ,
ಯಂತ್ರದ ಹಲ್ಲು, ಗೋಡೆಯ ಗಡಿಯಾರ.

ಭಾನುವಾರ ಓಯಾರ್ಸೂನನ ದೊಡ್ಡಿಗೆ ಹೋದೆ,
ಬಕೆಟ್ಟು ಬೋರಲು ಹಾಕಿ ಕೂತೆ.
ಮುದಿ ಕುರಿಯೊಂದು, ಎಡಗಿವಿಯಲ್ಲಿ ಹಳೆಯ ಕಚ್ಚು.
ನನ್ನ ಕೈಯದಿರಲಾರದು.
ಇರಲೂಬಹುದು.
ಪಾಪೆ ಅಡ್ಡಕ್ಕಿದೆ, ಅಂಚೆಪೆಟ್ಟಿಗೆಯ ಬಾಯಿಯ ಹಾಗೆ.
ಇಷ್ಟು ವರ್ಷ ಅದರೊಳಗೆ ಯಾರೂ ಏನೂ ಹಾಕಿಲ್ಲವೋ,
ಹಾಕಿದ್ದೆಲ್ಲ ಅಲ್ಲೇ ಉಳಿದಿದೆಯೋ.

ಅದು ನನ್ನ ಮುಖ ನೋಡಲಿಲ್ಲ, ಕೈ ನೋಡಿತು.
ಕೈ ಬಿಡಿಸಿ ತೋರಿಸಿದೆ: ಪೆನ್ಸಿಲ್, ಅಷ್ಟೆ.
ಒಂದು ಹೆಜ್ಜೆ ಹಿಂದೆ ಸರಿದು
ನಿಂತಿತು, ನಾಲ್ಕು ಕಾಲ ಮೇಲೆ,
ಅಷ್ಟು ಹೊತ್ತು.

ಅಡ್ಡಕ್ಕೊಂದು ಗೆರೆ ಎಳೆದಿದ್ದೆ,
ಗಾಳಿ ಹಾಳೆ ಮಗುಚಿತು.
ಹಾಳೆಯ ಹಿಂಬದಿಯಲ್ಲಿ ಪಾದ್ರಿ ಕೂತಿದ್ದ.